ತೂಕ, ಪರವಾನಗಿ ಮತ್ತು ತರತಮ: ಗಾಂಜಾ ಹಾಗೂ ಬಂದೂಕು ಕಾನೂನುಗಳು ನಮ್ಮ ಸೀಮೆಗೆ ಬಂದ ದಾರಿ



ದತ್ತಿ ಉಪನ್ಯಾಸವೆಂದರೆ ವಚನ, ದಾಸ ಸಾಹಿತ್ಯ, ಶಾಸನ, ಜಾನಪದ ಎಂದು ನಿರೀಕ್ಷಿಸಿ ಬಂದವರಿಗೆ ಇಂದಿನ ವಿಷಯ ಒರಟಾಗಿ ಕಾಣಬಹುದು. ಆದರೆ ಕನ್ನಡದಲ್ಲಿ ಚರ್ಚೆಯಾಗದ ಕಾನೂನು ಕನ್ನಡಿಗನನ್ನು ಮೊದಲ ಸಲ ಭೇಟಿಯಾಗುವುದು ಠಾಣೆಯಲ್ಲಿ. ಹೊಲದ ಬದುವಿನಲ್ಲಿ ಬೆಳೆದ ಒಂದು ಗಿಡ, ಅಟ್ಟದ ಮೇಲೆ ಅಜ್ಜನ ಕಾಲದಿಂದ ಬಿದ್ದಿರುವ ಒಂದು ನಾಡಬಂದೂಕು, ಇವೆರಡೂ ಒಂದು ಕುಟುಂಬವನ್ನು ಹತ್ತು ವರ್ಷ ಕೋರ್ಟಿಗೆ ಅಲೆಸಬಲ್ಲವು. ಆದ್ದರಿಂದ ಈ ಎರಡು ಕಾನೂನುಗಳು ಎಲ್ಲಿಂದ ಬಂದವು, ಹೇಗೆ ಬದಲಾದವು, ಬದಲಾದಾಗ ನಮ್ಮ ಕೊಪ್ಪಳ ಭಾಗದ ಜನರಿಗೆ ಏನಾಯಿತು ಎಂಬುದನ್ನು ವಿಚಾರ ಮಾಡೋಣ.

ನಾನು ಹೇಳಬೇಕೆಂದಿರುವ ಮಾತು ಒಂದೇ. ದಂಡ ವಿಧಿಸುವ ಕಾನೂನಿಗೆ ಎರಡು ಹೊಣೆಗಳಿವೆ. ಪೊಲೀಸ್ ಜೀಪಿಗಿಂತ ಮುಂಚೆ ಅದು ಊರನ್ನು ತಲುಪಬೇಕು. ತಲುಪಿದ ಮೇಲೆ ಯಾರು ಎಷ್ಟು ತಪ್ಪು ಮಾಡಿದರು ಎಂಬ ತರತಮ ನೋಡಬೇಕು. ಈ ಎರಡನ್ನೂ ಮರೆತ ಕಾನೂನು ಕಠಿಣವಾಗುತ್ತದೆ, ಪರಿಣಾಮಕಾರಿಯಾಗುವುದಿಲ್ಲ.

ಕೊಪ್ಪಳ ಕೋಟೆ ಮತ್ತು ಮೊದಲ ಆಯುಧ ಕಾನೂನು

ಬಂದೂಕಿನ ಕಾನೂನಿನ ಕಥೆ ನಮ್ಮ ಕೋಟೆಯ ಬಾಗಿಲಿಗೇ ಬಂದು ಮುಟ್ಟುತ್ತದೆ. 1857ರ ದಂಗೆಯ ಬೆನ್ನಿಗೇ, ಅದೇ ವರ್ಷ, ಕಂಪನಿ ಸರ್ಕಾರ ಆಯುಧಗಳ ಮೇಲೆ ನಿರ್ಬಂಧ ಹೇರುವ ಕಾಯ್ದೆ ತಂದಿತು. ಅನುಮತಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದು, ಇದ್ದದ್ದನ್ನು ತಂದೊಪ್ಪಿಸಬೇಕು ಎಂಬುದು ಅದರ ಆಜ್ಞೆ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಹಲಗಲಿಯ ಬೇಡರಿಗೆ ಆಯುಧವೆಂದರೆ ವೃತ್ತಿ, ಮರ್ಯಾದೆ, ಮನೆಯ ದೇವರ ಜೊತೆಗೆ ಪೂಜೆಗೊಳ್ಳುವ ವಸ್ತು. ಅವರು ಒಪ್ಪಿಸಲಿಲ್ಲ. 1857ರ ನವೆಂಬರಿನಲ್ಲಿ ಸೈನ್ಯ ಬಂತು, ಊರು ಉರಿಯಿತು, ಸಿಕ್ಕವರು ಗಲ್ಲಿಗೇರಿದರು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದಾಗಿ ಆ ಬಂಡಾಯಗಾರರ ಹೆಸರುಗಳು ಶಾಲಾ ಮಕ್ಕಳಿಗೂ ಪರಿಚಿತವಾಗಿವೆ.

ಆರೇ ತಿಂಗಳಲ್ಲಿ ಅದರ ಬಿಸಿ ತುಂಗಭದ್ರೆಯ ದಂಡೆಗೆ ಬಂತು. ಮುಂಡರಗಿಯ ಭೀಮರಾಯರು ಮತ್ತು ಹಮ್ಮಿಗೆಯ ಕೆಂಚನಗೌಡರು ಆಯುಧ ಕೂಡಿಹಾಕಿದ್ದರು. ಹಮ್ಮಿಗೆಯಲ್ಲಿದ್ದ ಆ ಸಂಗ್ರಹಕ್ಕೆ ಸರ್ಕಾರದ ಕಾವಲು ಬಿದ್ದಾಗ, 1858ರ ಮೇ ತಿಂಗಳ ಕೊನೆಯಲ್ಲಿ, ಅವರು ಬಹಿರಂಗವಾಗಿಯೇ ಎದ್ದರು. ಡಂಬಳದ ಖಜಾನೆಗೆ ಕೈ ಹಾಕಿ, ಕೊಪ್ಪಳದ ಕೋಟೆಯನ್ನು ಸೇರಿಕೊಂಡರು. ಜೂನ್ 1ರಂದು ಕಂಪನಿಯ ಸೈನ್ಯ ಕೋಟೆಯನ್ನು ತೆಗೆದುಕೊಂಡಿತು. ಇಬ್ಬರೂ ಹೋರಾಡುತ್ತ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರೂ ಎದ್ದು, ಕೊನೆಗೆ ಬೆಳಗಾವಿಯಲ್ಲಿ ಗಲ್ಲಿಗೇರಿದರು.

ಈ ಸಂಗತಿಗಳನ್ನು ನಾವು ಸ್ವಾತಂತ್ರ್ಯ ಹೋರಾಟವೆಂದು ನೆನೆಯುತ್ತೇವೆ, ನೆನೆಯಲೇಬೇಕು. ಕಾನೂನಿನ ವಿದ್ಯಾರ್ಥಿ ಇನ್ನೊಂದನ್ನೂ ಗಮನಿಸಬೇಕು. ಆ ಕಾಯ್ದೆಯನ್ನು ಬರೆದವರು ಕಲ್ಕತ್ತೆಯಲ್ಲಿದ್ದರು. ಹಲಗಲಿಗೂ ಹಮ್ಮಿಗೆಗೂ ಅದು ಬಂದದ್ದು ಜಪ್ತಿಯ ರೂಪದಲ್ಲಿ. ದರೋಡೆಗಾರನ ಬಂದೂಕು, ಬೇಟೆಗಾರನ ಬಂದೂಕು, ವಾಡೆಯ ಗೋಡೆಯ ಮೇಲಿನ ಕತ್ತಿ ಇವುಗಳ ನಡುವೆ ಅದು ವ್ಯತ್ಯಾಸ ಮಾಡಲಿಲ್ಲ.

ವ್ಯತ್ಯಾಸ ಮಾಡಬಹುದಿತ್ತು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಇಂದಿಗೂ ಇದೆ. ಕೊಡವರು ಮತ್ತು ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿ ಕೇಂದ್ರ ಸರ್ಕಾರ 2019ರಲ್ಲಿ ಅಧಿಸೂಚನೆ ಹೊರಡಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಜನಾಂಗದ ಬದುಕಿನಲ್ಲಿ ಆಯುಧಕ್ಕೆ ಯಾವ ಸ್ಥಾನವಿದೆ ಎಂದು ನೋಡಿ ಕಾನೂನು ನಡೆದುಕೊಂಡ ಉದಾಹರಣೆ ಇದು. ನಮ್ಮ ಸೀಮೆಗೂ ಅಂಥ ವಿನಾಯಿತಿ ಬೇಕೆಂದು ನಾನು ಕೇಳುತ್ತಿಲ್ಲ. ನೋಡಿ ನಡೆಯಲು ಕಾನೂನಿಗೆ ಸಾಧ್ಯವಿದೆ ಎಂಬುದಷ್ಟೇ ನನ್ನ ಮಾತು.

ರಜಾಕಾರರ ದಿನಗಳಿಂದ ಸಂವಿಧಾನ ಸಭೆಗೆ

1948ರವರೆಗೆ ನಾವು ನಿಜಾಮರ ಪ್ರಜೆಗಳು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗರ ಜಾಗೀರು, ಗಂಗಾವತಿ ಮತ್ತು ಕುಷ್ಟಗಿ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊನೆಯ ಎರಡು ವರ್ಷ, ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಕೈಯಲ್ಲಿ ಬಂದೂಕಿತ್ತು, ಹಳ್ಳಿಗರ ಕೈ ಬರಿದಾಗಿತ್ತು. ಗಡಿಯಾಚೆಗಿನ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರ ಕಟ್ಟಿ ತರುಣರಿಗೆ ಆಯುಧ ಹಿಡಿಯುವುದನ್ನು ಕಲಿಸಿದರು. ಸೆಪ್ಟೆಂಬರ್ 17ರಂದು ಹೈದರಾಬಾದು ಶರಣಾಯಿತು. ಆಯುಧ ಒಂದೇ ಪಕ್ಷದ ಕೈಗೆ ಸೇರಿದಾಗ ಊರಿನ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಅದೇ ಡಿಸೆಂಬರಿನಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಆಯುಧದ ಹಕ್ಕಿನ ಚರ್ಚೆ ನಡೆಯಿತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ಮಂಗಳೂರು ಮೂಲದ ಎಚ್.ವಿ. ಕಾಮತ್ ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಹೀಗೆ ಭಾರತದಲ್ಲಿ ಬಂದೂಕು ಹಕ್ಕಾಗಲಿಲ್ಲ, ಪರವಾನಗಿಯ ವಿಷಯವಾಗಿ ಉಳಿಯಿತು. ಆ ತೀರ್ಮಾನ ಸರಿಯಾದದ್ದೆಂದೇ ನನ್ನ ನಂಬಿಕೆ. ರಜಾಕಾರರ ಹಾವಳಿ ಕಂಡ ಸೀಮೆಯವನಿಗೆ ಬೇರೆ ನಂಬಿಕೆ ಬರುವುದು ಕಷ್ಟ.

ಸಂವಿಧಾನ ಈ ಎರಡು ವಸ್ತುಗಳನ್ನು ಬೇರೆ ಬೇರೆ ಕಡೆ ಇಟ್ಟಿತು. ಆಯುಧ, ಮದ್ದುಗುಂಡು ಕೇಂದ್ರ ಪಟ್ಟಿಯ 5ನೇ ನಮೂದು. ಮಾದಕ ವಸ್ತುಗಳು ಹರಿದು ಹಂಚಿಹೋದವು: ಔಷಧ ಮತ್ತು ವಿಷ ಸಮವರ್ತಿ ಪಟ್ಟಿಗೆ, ಮದ್ಯ, ಅಫೀಮು, ಗಾಂಜಾದ ಮೇಲಿನ ಅಬಕಾರಿ ಸುಂಕ ರಾಜ್ಯ ಪಟ್ಟಿಗೆ. ಬಂದೂಕಿನ ಕಾನೂನು ದೆಹಲಿಯದು, ಲೈಸೆನ್ಸಿನ ಸಹಿ ನಮ್ಮ ಜಿಲ್ಲಾಧಿಕಾರಿಯದು. ಗಾಂಜಾದ ಶಿಕ್ಷೆ ದೆಹಲಿಯದು, ಭಂಗಿಯ ನಿಯಂತ್ರಣ ಬೆಂಗಳೂರಿನದು. ಎಲ್ಲಿ ಏನು ಕೇಳಬೇಕೆಂದು ತಿಳಿಯಲು ಈ ಹಂಚಿಕೆ ನೆನಪಿರಬೇಕು.

ಹೊಲ ಕಾಯುವ ಬಂದೂಕು

ಬ್ರಿಟಿಷರ 1878ರ ಆಯುಧ ಕಾಯ್ದೆ ಕತ್ತಿ, ಭರ್ಚಿಗಳಿಗೂ ಲೈಸೆನ್ಸ್ ಕೇಳುತ್ತಿತ್ತು. ಸ್ವತಂತ್ರ ಭಾರತದ 1959ರ ಕಾಯ್ದೆ ಆ ಬಿಗಿಯನ್ನು ಸಡಿಲಿಸಿತು. ಬಂದೂಕಿಗೆ ಎಲ್ಲೆಡೆ ಪರವಾನಗಿ ಬೇಕು. ಹರಿತವಾದ ಇತರ ಆಯುಧಗಳಿಗೆ, ಸರ್ಕಾರ ಒಂದು ಪ್ರದೇಶವನ್ನು ಅಧಿಸೂಚನೆಯಲ್ಲಿ ಹೆಸರಿಸಿದರೆ ಮಾತ್ರ. ಮನೆಗೆಲಸಕ್ಕೂ ಒಕ್ಕಲುತನಕ್ಕೂ ಮಾಡಿದ ವಸ್ತುಗಳು ಆಯುಧದ ವ್ಯಾಖ್ಯೆಗೇ ಬರುವುದಿಲ್ಲ. ಕುಡಗೋಲು ಹಿಡಿದು ಹೊಲಕ್ಕೆ ಹೋಗುವವನು ಈ ಕಾನೂನಿಗೆ ಹೆದರಬೇಕಿಲ್ಲ.

ಈ ಕಾಯ್ದೆಯಲ್ಲಿ ರೈತನಿಗೆ ಬಹಳ ಮುಖ್ಯವಾದ, ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ. 13ನೇ ಸೆಕ್ಷನ್ನಿನ ಪ್ರಕಾರ, ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದಾಗ, ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಬೇಕು ಎಂದಿದೆ. ನಿರಾಕರಿಸುವುದಾದರೆ 14ನೇ ಸೆಕ್ಷನ್ ಹೇಳುವ ಕಾರಣಗಳಿರಬೇಕು, ಸಾಮಾನ್ಯವಾಗಿ ಅವನ್ನು ಬರೆದು ಕೊಡಬೇಕು, ಅದರ ಮೇಲೆ ಮೇಲ್ಮನವಿಗೆ ಅವಕಾಶವಿದೆ. ಆನೆಗೊಂದಿಯಿಂದ ಕನಕಗಿರಿಯವರೆಗೆ ಕಲ್ಲುಗುಡ್ಡಗಳ ಸೆರಗಿನಲ್ಲಿ ಶೇಂಗಾ, ಗೋವಿನಜೋಳ ಬೆಳೆಯುವವರಿಗೆ ಹಂದಿ, ಕರಡಿಗಳ ಕಾಟ ಹೊಸದಲ್ಲ. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕರಡಿಗೋ ಚಿರತೆಗೋ ಗುಂಡು ಹಾರಿಸುವಂತಿಲ್ಲ. ಅವು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಗಳು. ಸದ್ದು ಮಾಡಿ ಓಡಿಸುವುದು ಬೇರೆ, ಕೊಲ್ಲುವುದು ಬೇರೆ. ಈ ಗೆರೆ ತಿಳಿಯದೆ ಒಂದು ಕಾನೂನನ್ನು ಪಾಲಿಸಿದ ರೈತ ಇನ್ನೊಂದರಲ್ಲಿ ಆರೋಪಿಯಾಗುತ್ತಾನೆ.

2019ರ ತಿದ್ದುಪಡಿ ದೊಡ್ಡದು. ಅದೇ ಡಿಸೆಂಬರಿನಲ್ಲಿ ಜಾರಿಗೆ ಬಂತು. ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಮೊದಲು 1ರಿಂದ 3 ವರ್ಷ ಇದ್ದ ಸೆರೆವಾಸ 2ರಿಂದ 5 ವರ್ಷವಾಯಿತು. ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಂಘಟಿತ ಅಪರಾಧಕ್ಕೂ ಅಕ್ರಮ ಸಾಗಣೆಗೂ ಹತ್ತು ವರ್ಷದಿಂದ ಜೀವಾವಧಿ.

ಇಲ್ಲಿ ತರತಮ ಇದೆ, ಅದನ್ನು ಮೆಚ್ಚಬೇಕು. ಮಾರುವವನಿಗೂ ಇಟ್ಟುಕೊಂಡವನಿಗೂ ಒಂದೇ ಶಿಕ್ಷೆಯಲ್ಲ. ಆದರೆ ಇಟ್ಟುಕೊಂಡವರಲ್ಲೇ ಎರಡು ಬಗೆಯವರಿದ್ದಾರೆ. ಒಬ್ಬ ನಾಡಪಿಸ್ತೂಲು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡವನು. ಇನ್ನೊಬ್ಬ, ತೀರಿಕೊಂಡ ತಂದೆಯ ಹೆಸರಿನಲ್ಲಿ ಲೈಸೆನ್ಸ್ ಇದ್ದು, ಅದು ತನ್ನ ಹೆಸರಿಗೆ ತಾನಾಗಿಯೇ ಬರುತ್ತದೆಂದು ನಂಬಿ ಕೂತವನು. ಬರುವುದಿಲ್ಲ. ವಾರಸುದಾರನು ಬಂದೂಕನ್ನು ಠಾಣೆಗೋ ಅಧಿಕೃತ ಮಾರಾಟಗಾರನಿಗೋ ಒಪ್ಪಿಸಿ, ತನ್ನ ಹೆಸರಿನಲ್ಲಿ ಪರವಾನಗಿ ಪಡೆಯಬೇಕು. ಹಳೆಯ ಲೈಸೆನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಸಂಖ್ಯೆ ಇಲ್ಲದಿದ್ದರೆ ಅದು ಮಾನ್ಯವಲ್ಲ. ಎರಡನೆಯವನಿಗೆ ಬೇಕಾದದ್ದು ಒಂದು ತಿಳಿವಳಿಕೆ ಪತ್ರ. ಅದು ಸಿಗದಿದ್ದರೆ ಅವನ ಕೈಗೆ ಬರುವುದು ಕನಿಷ್ಠ ಎರಡು ವರ್ಷದ ಶಿಕ್ಷೆಯ ಆರೋಪ.

ಅಬಕಾರಿಯ ಬಾಬತ್ತಿನಿಂದ ಅಪರಾಧದ ಪಟ್ಟಿಗೆ

ಗಾಂಜಾದ ಕಥೆ ಇದಕ್ಕೆ ತಿರುವುಮುರುವು. ಬಂದೂಕಿನ ಮೇಲೆ ಮೊದಲಿನಿಂದಲೂ ನಿರ್ಬಂಧವಿತ್ತು. ಗಾಂಜಾ ಬಹುಕಾಲ ಸರ್ಕಾರಕ್ಕೆ ಆದಾಯದ ಬಾಬತ್ತಾಗಿತ್ತು. 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಗಾಂಜಾ ಆಯೋಗವನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷರಾಗಿದ್ದ ಆ ಆಯೋಗ 1193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟಿತು. ಮಿತವಾದ ಬಳಕೆಯಿಂದ ಗಣನೀಯ ಹಾನಿ ಕಾಣುವುದಿಲ್ಲ, ಅತಿಯಾದರೆ ಹಾನಿ ಉಂಟು, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡಿ ಎಂಬುದು ಅದರ ಸಾರ. ನಿಜಾಮರ ಸೀಮೆಯಲ್ಲೂ ಇದು ಅಬಕಾರಿ ಇಲಾಖೆಯ ವ್ಯವಹಾರವೇ ಆಗಿತ್ತು.

ಬದಲಾವಣೆ ಬಂದದ್ದು ಹೊರಗಿನಿಂದ. 1961ರ ವಿಶ್ವಸಂಸ್ಥೆಯ ಏಕ ಒಡಂಬಡಿಕೆ ಗಾಂಜಾವನ್ನು ಅತಿ ಬಿಗಿಯಾದ ಪಟ್ಟಿಯಲ್ಲಿ ಸೇರಿಸಿತು. ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 25 ವರ್ಷಗಳ ಗಡುವಿತ್ತು. ಗಡುವು ಸಮೀಪಿಸಿದಾಗ ಸಂಸತ್ತು 1985ರಲ್ಲಿ ಮಾದಕ ದ್ರವ್ಯ ಮತ್ತು ಮನೋದ್ದೀಪಕ ವಸ್ತುಗಳ ಕಾಯ್ದೆಯನ್ನು ಅಂಗೀಕರಿಸಿತು. ಜನರ ಬಾಯಲ್ಲಿ ಅದು ಎನ್‌ಡಿಪಿಎಸ್. ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಒಂದು ತಲೆಮಾರು ಅಬಕಾರಿ ಅಂಗಡಿಯ ವಸ್ತುವೆಂದು ಕಂಡದ್ದು ಮುಂದಿನ ತಲೆಮಾರಿಗೆ ಜಾಮೀನು ಸುಲಭವಾಗಿ ಸಿಗದ ಅಪರಾಧವಾಯಿತು.

ಇಲ್ಲಿ ನಾನು ನಿಮ್ಮ ಗಮನಕ್ಕೆ ತರಬೇಕಾದ, ನಮ್ಮ ಭಾಗಕ್ಕೆ ನೇರವಾಗಿ ತಟ್ಟುವ ಒಂದು ಬದಲಾವಣೆ ಇದೆ. 1985ರ ಮೂಲ ಕಾಯ್ದೆಯಲ್ಲಿ ಗಾಂಜಾ ಅಪರಾಧಕ್ಕೂ ಗಿಡ ಬೆಳೆದದ್ದಕ್ಕೂ ಗರಿಷ್ಠ ಶಿಕ್ಷೆ 5 ವರ್ಷವಿತ್ತು. ಕನಿಷ್ಠ ಶಿಕ್ಷೆ ಇರಲಿಲ್ಲ. ಹೆರಾಯಿನ್, ಚರಸ್‌ಗಳಿಗೆ ಕನಿಷ್ಠ 10 ವರ್ಷ. ಇದು ಅನ್ಯಾಯ, ಚಿಟಿಕೆಯಷ್ಟು ಸಿಕ್ಕವನಿಗೂ ದೊಡ್ಡ ವ್ಯಾಪಾರಿಗೂ ಒಂದೇ ಶಿಕ್ಷೆ ಆಗುತ್ತಿದೆ ಎಂಬ ಟೀಕೆ ಬಂದು, 2001ರಲ್ಲಿ ಪ್ರಮಾಣ ನೋಡಿ ಶಿಕ್ಷೆ ಕೊಡುವ ಪದ್ಧತಿ ಬಂತು. ಗಾಂಜಾಕ್ಕೆ 1 ಕಿಲೋದವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಪಕ್ಕೆ ಆರು ತಿಂಗಳು (2014ರಲ್ಲಿ ಇದು ಒಂದು ವರ್ಷವಾಯಿತು), ನಡುವಿನದಕ್ಕೆ 10 ವರ್ಷದವರೆಗೆ, ವಾಣಿಜ್ಯಕ್ಕೆ 10ರಿಂದ 20 ವರ್ಷ ಮತ್ತು ಒಂದರಿಂದ ಎರಡು ಲಕ್ಷ ದಂಡ. ಗಿಡ ಬೆಳೆದರೆ 10 ವರ್ಷದವರೆಗೆ.

ನಗರದಲ್ಲಿ ಅಲ್ಪ ಪ್ರಮಾಣದ ಹೆರಾಯಿನ್‌ನೊಂದಿಗೆ ಸಿಕ್ಕವನಿಗೆ ಈ ತಿದ್ದುಪಡಿ ದೊಡ್ಡ ನೆಮ್ಮದಿ. ಆದರೆ ಗಿಡ ಬೆಳೆದ ಒಕ್ಕಲಿಗನಿಗೆ ಗರಿಷ್ಠ ಶಿಕ್ಷೆ ಐದರಿಂದ ಹತ್ತಕ್ಕೆ ಇಮ್ಮಡಿಯಾಯಿತು. ಸುಧಾರಣೆ ಎಂದು ಕರೆಸಿಕೊಂಡ ತಿದ್ದುಪಡಿ ನಮ್ಮ ಎರಿ ಹೊಲದವನಿಗೆ ಏರಿಕೆಯಾಗಿ ಬಂತು. ಈ ಸುದ್ದಿಯನ್ನು ಅವನಿಗೆ ಯಾರೂ ಹೇಳಲಿಲ್ಲ.

ತೊಗರಿಯ ನಡುವಿನ ಗಿಡ

ಕಲ್ಯಾಣ ಕರ್ನಾಟಕದ ಗಾಂಜಾ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಇದು: ತೊಗರಿ, ಹತ್ತಿ ಅಥವಾ ಕಬ್ಬಿನ ಸಾಲುಗಳ ನಡುವೆ ಕೆಲವು ಗಿಡ. ಹೊಲ ಒಬ್ಬರದು, ಲಾವಣಿಗೆ ಹಿಡಿದವರು ಇನ್ನೊಬ್ಬರು, ಬೀಜ ಕೊಟ್ಟವನು, ಬಂದು ಒಯ್ಯುವವನು ಮತ್ತೊಬ್ಬ. ದಾಳಿಯಾದ ದಿನ ಹೊಲದಲ್ಲಿ ಸಿಗುವವರು ಮೊದಲ ಇಬ್ಬರು. ಹಣ ಮಾಡುವ ಮೂರನೆಯವನು ಬಹಳ ಸಲ ಪಂಚನಾಮೆಯಲ್ಲಿ ಬರುವುದೇ ಇಲ್ಲ.

ಈಗ ತೂಕದ ಪ್ರಶ್ನೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಆ ತುದಿಗಳ ಜೊತೆಗಿರದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಬೇರು, ಕಾಂಡಗಳ ಮಾತೇ ಅಲ್ಲಿಲ್ಲ. ಆದರೆ ಹಸಿ ಗಿಡವನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ ತಕ್ಕಡಿಗೆ ಹಾಕಿದರೆ ಕೆಲವೇ ಗಿಡಗಳು 20 ಕಿಲೋ ದಾಟಬಲ್ಲವು. 20 ದಾಟಿತೆಂದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. 37ನೇ ಸೆಕ್ಷನ್ ಅನ್ವಯವಾಗಿ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ ಮತ್ತು ಅವನು ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆ ಆದರೆ ಮಾತ್ರ ಜಾಮೀನು. ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ. ಕನಿಷ್ಠ ಶಿಕ್ಷೆ 10 ವರ್ಷ. ಇದೇ ಪ್ರಕರಣವನ್ನು ಗಿಡ ಬೆಳೆದ ಆರೋಪವೆಂದು 20(ಎ) ಸೆಕ್ಷನ್ನಿನಡಿ ಮಾತ್ರ ದಾಖಲಿಸಿದರೆ ತೂಕದ ಪ್ರಶ್ನೆ ಏಳುವುದಿಲ್ಲ, ಕನಿಷ್ಠ ಶಿಕ್ಷೆಯೂ ಇಲ್ಲ, ಜಾಮೀನಿನ ಬಾಗಿಲು ಮುಚ್ಚುವುದಿಲ್ಲ. ಒಂದೇ ಹೊಲ, ಒಂದೇ ಗಿಡ. ತಕ್ಕಡಿಗೆ ಏನನ್ನು ಹಾಕಿದರು ಎಂಬುದರ ಮೇಲೆ ಒಬ್ಬ ಮನುಷ್ಯನ ಹತ್ತು ವರ್ಷ ತೂಗುತ್ತದೆ.

2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕ ದ್ರವ್ಯದೊಂದಿಗೆ ಬೆರೆಸಿದ ಇತರ ಪದಾರ್ಥದ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಅದು ವ್ಯಾಪಾರಿ ಬೆರೆಸಿದ ಮಿಶ್ರಣದ ಮಾತು. ನೆಲದಲ್ಲಿ ನಿಂತ ಗಿಡದ ಬೇರು, ದಂಟನ್ನು ಗಾಂಜಾ ಎಂದು ಎಣಿಸಲು ಅದನ್ನು ಆಧಾರ ಮಾಡಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭಂಗಿಯ ವಿಷಯದಲ್ಲಿ ನಮ್ಮ ಹೈಕೋರ್ಟ್ ಈ ವ್ಯಾಖ್ಯೆಯನ್ನು ಎಚ್ಚರದಿಂದ ಓದಿದೆ. ಎಲೆಯಿಂದ ಮಾಡಿದ ಭಂಗಿ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆಸರಿಸಿದ ವಸ್ತುವಲ್ಲ ಎಂಬುದನ್ನು ಗಮನಿಸಿ 2022ರಲ್ಲಿ ಒಬ್ಬ ಆರೋಪಿಗೆ ಜಾಮೀನು ನೀಡಿತು. ಹಾಗೆಂದು ಭಂಗಿ ಮುಕ್ತವಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾದಕ ವಸ್ತುವಿನ ವ್ಯಾಖ್ಯೆಯಲ್ಲಿ ಎಲೆಯೂ ಸೇರಿದೆ.

ಜಮೀನಿನ ಒಡೆಯರು ಇನ್ನೊಂದನ್ನು ತಿಳಿದಿರಬೇಕು. ತನ್ನ ನೆಲದಲ್ಲಿ ಗಾಂಜಾ ಬೆಳೆದಿರುವುದು ಗೊತ್ತಾದರೆ ಕೂಡಲೇ ತಿಳಿಸುವುದು 46ನೇ ಸೆಕ್ಷನ್ನಿನಡಿ ಒಡೆಯನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಇದೆ. 47ನೇ ಸೆಕ್ಷನ್ ಗ್ರಾಮದ ಅಧಿಕಾರಿಗಳಿಗೂ ಪಂಚರಿಗೂ ಇಂಥದ್ದೇ ಹೊಣೆ ಹೊರಿಸಿದೆ. ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋಗಿ ಹೊಲ ಲಾವಣಿಗೆ ಕೊಟ್ಟವರು ವರ್ಷಕ್ಕೆ ಒಂದೆರಡು ಸಲವಾದರೂ ಹೊಲ ನೋಡಿ ಬರುವುದು ಕಾನೂನಿನ ದೃಷ್ಟಿಯಿಂದಲೂ ಒಳ್ಳೆಯದು.

ದೊಡ್ಡ ಜಾಲಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಒಂದು ಕುರಿ ಸಾಕಣೆ ಜಾಗದಲ್ಲಿ 1,300 ಕಿಲೋಗೂ ಹೆಚ್ಚು ಗಾಂಜಾ ಹಿಡಿದರು. ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ನಮ್ಮ ಕೊಪ್ಪಳದ ಮೇಲೆಯೇ ಹಾಯುತ್ತದೆ. ಆಂಧ್ರ ಮತ್ತು ಒಡಿಶಾ ಗಡಿಯ ಗುಡ್ಡಗಾಡಿನ ಗಾಂಜಾ ಪಶ್ಚಿಮಕ್ಕೆ ಸಾಗಲು ಇಂಥ ದಾರಿಗಳು ಬೇಕು. ಆ ಜಾಲದವರ ಮೇಲೆ ಕಾಯ್ದೆಯ ಪೂರ್ಣ ಬಲ ಬೀಳಲಿ. ಚೀಲ ಹೊತ್ತ ಕೂಲಿಯವನ ಮೇಲೂ ಅಷ್ಟೇ ಬಲ ಬಿದ್ದಾಗ, ಜಾಲದ ಒಡೆಯ ಇನ್ನೊಬ್ಬ ಕೂಲಿಯನ್ನು ಹುಡುಕಿಕೊಳ್ಳುತ್ತಾನೆ, ಅಷ್ಟೇ.

ಕಾನೂನು ಪೊಲೀಸರಿಗೂ ಹಾಕಿದ ಗೆರೆಗಳು

ಕಠಿಣ ಕಾನೂನಿನಲ್ಲಿ ಕಾರ್ಯವಿಧಾನವೇ ನಾಗರಿಕನ ರಕ್ಷಣೆ. ಎನ್‌ಡಿಪಿಎಸ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ಆರೋಪಿಗೆ ತಿಳಿಸಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿತು. ಮಾಲಿನ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಾಗಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಶಿಕ್ಷೆಗೆ ಆಧಾರವಾಗದೆಂದು 2020ರ ಅಕ್ಟೋಬರಿನಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ತೀರ್ಪಾಯಿತು. ವಿಚಾರಣೆ ವರ್ಷಗಟ್ಟಲೆ ಎಳೆದರೆ 37ನೇ ಸೆಕ್ಷನ್ ಅಡ್ಡ ಬರದೆ ಜಾಮೀನು ಕೊಡಬಹುದೆಂದು 2023ರಲ್ಲಿ, ಅದೂ ಗಾಂಜಾ ಪ್ರಕರಣದಲ್ಲೇ, ಸುಪ್ರೀಂ ಕೋರ್ಟ್ ಹೇಳಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯನ್ನು ದೃಶ್ಯ, ಧ್ವನಿ ಸಮೇತ ಚಿತ್ರೀಕರಿಸಬೇಕೆಂದು ಹೇಳುತ್ತದೆ. ಗಾಂಜಾ ಪ್ರಕರಣಕ್ಕೂ ಬಂದೂಕಿನ ಪ್ರಕರಣಕ್ಕೂ ಇದು ದೊಡ್ಡ ಬದಲಾವಣೆ. ಪಂಚರು ಕೋರ್ಟಿನಲ್ಲಿ ತಿರುಗಿಬೀಳುವುದು, ಠಾಣೆಯಲ್ಲೇ ಕೂತು ಪಂಚನಾಮೆ ಬರೆದರೆಂಬ ಆರೋಪ, ಇವೆರಡಕ್ಕೂ ಪ್ರಾಮಾಣಿಕ ಚಿತ್ರೀಕರಣ ಉತ್ತರವಾಗಬಲ್ಲದು. ಹೊಲದಲ್ಲಿ ಗಿಡ ಹೇಗೆ ನಿಂತಿತ್ತು, ತಕ್ಕಡಿಗೆ ಏನು ಬಿತ್ತು ಎಂಬುದೂ ಅದರಲ್ಲಿ ಕಾಣುತ್ತದೆ. ನಮ್ಮ ತರುಣ ವಕೀಲರು ಪ್ರತಿ ಪ್ರಕರಣದಲ್ಲೂ ಆ ದೃಶ್ಯವನ್ನು ಕೇಳಿ ಪಡೆಯಬೇಕು.

ಚಟ, ಪರಂಪರೆ ಮತ್ತು ಲೋಕದ ಗಾಳಿ

ಗಾಂಜಾ ಕಾನೂನಿನಲ್ಲಿ ತರತಮ ಬೇಕೆನ್ನುವವನು ಗಾಂಜಾದ ಪರ ಎಂದು ಯಾರೂ ತಿಳಿಯಬಾರದು. ಬೆಳೆಯುವ ವಯಸ್ಸಿನ ಮಿದುಳಿಗೆ ಅದು ಮಾಡುವ ಹಾನಿ, ಕೆಲವರಲ್ಲಿ ತರುವ ಮನೋರೋಗ, ಓದು ಬಿಟ್ಟು ಕೂತ ಹುಡುಗರನ್ನು ನೋಡುವ ತಾಯಂದಿರ ಸಂಕಟ ಇವೆಲ್ಲ ನಿಜ. ಆರೂಢ, ಅವಧೂತ ಪರಂಪರೆಯ ಕೆಲವು ಗದ್ದುಗೆಗಳಲ್ಲಿ ಚಿಲುಮೆಗೆ ಸ್ಥಾನವಿರುವುದೂ ನಿಜ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯ ಈ ರೂಢಿಯನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಸಾಧುವಿನ ಚಿಲುಮೆಯನ್ನು ತೋರಿಸಿ ಕಾಲೇಜು ಹುಡುಗನ ಚಟವನ್ನು ಸಮರ್ಥಿಸುವುದು ಆ ಪರಂಪರೆಗೂ ಅನ್ಯಾಯ, ಹುಡುಗನಿಗೂ ಅನ್ಯಾಯ.

ಚಟಕ್ಕೆ ಬಿದ್ದವನಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ. ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪ ಎದುರಿಸುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ 64ಎ ಸೆಕ್ಷನ್ ಅವನನ್ನು ವಿಚಾರಣೆಯಿಂದ ಕಾಪಾಡುತ್ತದೆ. ಈ ಸೆಕ್ಷನ್ನಿನ ಹೆಸರನ್ನು ಪ್ರತಿ ಕಾಲೇಜಿನ ಪ್ರಾಂಶುಪಾಲರೂ ಪ್ರತಿ ಠಾಣಾಧಿಕಾರಿಯೂ ತಂದೆತಾಯಿಗಳಿಗೆ ಹೇಳಬೇಕು.

ಹೊರಗಿನ ಲೋಕ ಈಗ ಬೇರೆ ದಿಕ್ಕಿಗೆ ಹೊರಳಿದೆ. 2018ರಲ್ಲಿ ಕೆನಡಾ, 2024ರಲ್ಲಿ ಜರ್ಮನಿ ವಯಸ್ಕರ ಬಳಕೆಯನ್ನು ನಿಯಮಗಳೊಳಗೆ ಒಪ್ಪಿದವು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ 27–25 ಮತಗಳಿಂದ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ನಾಲ್ಕನೆಯ ಪಟ್ಟಿಯಿಂದ ತೆಗೆಯಿತು. ಭಾರತವೂ ಪರವಾಗಿಯೇ ಮತ ಹಾಕಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಂಜಾ ಕಾನೂನುಬದ್ಧ, ಆದರೆ ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು ಅದನ್ನು ಒಪ್ಪಿಲ್ಲ. ಗಾಂಜಾ ಸೇವಿಸುವವನು ಬಂದೂಕು ಇಟ್ಟುಕೊಳ್ಳಬಾರದೆಂದೂ ಆ ಒಕ್ಕೂಟ ಕಾನೂನು ಹೇಳುತ್ತದೆ. ಅಲ್ಲಿ ವೀಸಾದ ಮೇಲೆ ದುಡಿಯುವ ನಮ್ಮ ಮಕ್ಕಳು ಅಂಗಡಿಯಲ್ಲಿ ಸಿಗುತ್ತದೆಂದು ನಿಶ್ಚಿಂತರಾಗುವಂತಿಲ್ಲ. ವಲಸೆಯ ಕಾನೂನು ಒಕ್ಕೂಟದ್ದು.

ನಮ್ಮ ದೇಶದಲ್ಲೇ ಉತ್ತರಾಖಂಡ 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ನಿನ ಅಧಿಕಾರ ಬಳಸಿ, ಅಮಲಿನ ಅಂಶ ಅತ್ಯಲ್ಪವಿರುವ ಗಾಂಜಾ ಗಿಡದ ತಳಿಯನ್ನು ನಾರು, ಬೀಜಕ್ಕಾಗಿ ಬೆಳೆಯಲು ಪರವಾನಗಿ ಕೊಟ್ಟಿತು. ಹಿಮಾಚಲ ಪ್ರದೇಶವೂ ಆ ದಾರಿಯಲ್ಲಿದೆ. ಮಳೆ ನಂಬಿದ ಯಲಬುರ್ಗಾ, ಕುಷ್ಟಗಿಗಳಿಗೆ ಅದು ಹೊಂದುತ್ತದೆಯೇ ಎಂಬುದನ್ನು ಕೃಷಿ ವಿಜ್ಞಾನಿಗಳು ಪರೀಕ್ಷಿಸಿ ಹೇಳಲಿ. ಅದಕ್ಕೂ ಮುನ್ನ ಯಾರೂ ಬೀಜ ಬಿತ್ತಬಾರದು. ಪರವಾನಗಿ ಇಲ್ಲದ ಗಿಡ, ಯಾವ ತಳಿಯದಾದರೂ, ಅಪರಾಧವೇ.

ನಮ್ಮ ಕೈಯಲ್ಲಿರುವ ಕೆಲಸ

ಸಂಸತ್ತು ಕಾಯ್ದೆ ಬದಲಿಸುವವರೆಗೆ ಕಾಯಬೇಕಿಲ್ಲ. ರಾಜ್ಯ ಸರ್ಕಾರ ಮತ್ತು ಜಿಲ್ಲಾಡಳಿತದ ಕೈಯಲ್ಲಿರುವ ಕೆಲಸಗಳನ್ನೇ ಹೇಳುತ್ತೇನೆ.

ಮೊದಲನೆಯದು, ಗಿಡ ಸಿಕ್ಕ ಪ್ರಕರಣಗಳಲ್ಲಿ ಹೂ, ಕಾಯಿಯ ತುದಿಗಳನ್ನು ಬೇರ್ಪಡಿಸಿಯೇ ತೂಗಬೇಕೆಂದು ಪೊಲೀಸ್ ಮತ್ತು ಅಬಕಾರಿ ಇಲಾಖೆಗಳಿಗೆ ರಾಜ್ಯ ಸರ್ಕಾರ ಸುತ್ತೋಲೆ ಕೊಡಬೇಕು. ಇದು ಕಾಯ್ದೆಯ ವ್ಯಾಖ್ಯೆಗೆ ವಿರುದ್ಧವಲ್ಲ, ಅದರ ಪಾಲನೆ.

ಎರಡನೆಯದು, ನಮ್ಮದೇ ರಾಜ್ಯದ 1985ರ ಗೂಂಡಾ ಕಾಯ್ದೆ ಮಾದಕ ವಸ್ತು ಅಪರಾಧಿಗಳನ್ನೂ ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಲು ಅವಕಾಶ ಕೊಡುತ್ತದೆ. ಅದನ್ನು ಜಾಲ ನಡೆಸುವವರಿಗೆ ಮೀಸಲಿಡಬೇಕು, ಕೂಲಿಗೂ ಗೇಣಿದಾರನಿಗೂ ಬಳಸಬಾರದು.

ಮೂರನೆಯದು, ಬಂದೂಕಿನ ವಿಷಯದಲ್ಲಿ ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೊಮ್ಮೆ ಶಿಬಿರ ನಡೆಯಲಿ. ವಾರಸಿನ ಬಂದೂಕು, ಅವಧಿ ಮುಗಿದ ಲೈಸೆನ್ಸ್, ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸಿ ಮರಳಿ ಪಡೆಯದ ಬಂದೂಕು ಎಲ್ಲವೂ ಅಲ್ಲಿ ಇತ್ಯರ್ಥವಾಗಲಿ. ತಾನಾಗಿ ಬಂದು ಒಪ್ಪಿಸಿದವನನ್ನು ಆರೋಪಿಯಂತೆ ಕಾಣಬಾರದು. ಬೆಳೆ ರಕ್ಷಣೆಯ ಅರ್ಜಿಗಳಿಗೆ ಬಿತ್ತನೆಗೆ ಮೊದಲೇ ಉತ್ತರ ಸಿಗಬೇಕು. ಇಲ್ಲವೆನ್ನುವುದಾದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು.

ನಾಲ್ಕನೆಯದು ನಮ್ಮೆಲ್ಲರದು. ಬಂಧನದಲ್ಲಿರುವ ಯಾರಿಗಾದರೂ, ಹಾಗೆಯೇ ಮಹಿಳೆಯರಿಗೆ, ಪರಿಶಿಷ್ಟರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ವ್ಯಸನಮುಕ್ತಿಗೆ 14446. ಈ ಎರಡು ಸಂಖ್ಯೆಗಳು, ಗಾಂಜಾದ 1 ಕಿಲೋ ಮತ್ತು 20 ಕಿಲೋದ ಗೆರೆಗಳು, 46, 50, 64ಎ ಸೆಕ್ಷನ್ನುಗಳ ತಿರುಳು, ಬಂದೂಕಿನ ಪರವಾನಗಿಯ ನಿಯಮ ಇಷ್ಟನ್ನು ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬಹುದು. ಸಾಹಿತ್ಯ ಸಂಸ್ಥೆಗಳೂ ವಕೀಲರ ಸಂಘಗಳೂ ಕೂಡಿ ಮಾಡಬಹುದಾದ ಕನ್ನಡದ ಕೆಲಸವಿದು.

ಕಾನೂನು ಗೊತ್ತಿರಲಿಲ್ಲ ಎಂಬ ಮಾತನ್ನು ನ್ಯಾಯಾಲಯ ಆರೋಪಿಯಿಂದ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಹಾಗಿದ್ದಲ್ಲಿ, ಕಾನೂನನ್ನು ತಿಳಿಸಲಿಲ್ಲ ಎಂಬ ಮಾತನ್ನು ಸರ್ಕಾರದಿಂದಲೂ ನಾವು ಒಪ್ಪಬಾರದು. ತಿಳಿಸುವ ಹೊಣೆಯನ್ನೂ ತರತಮ ನೋಡುವ ಹೊಣೆಯನ್ನೂ ಹೊತ್ತ ಕಾನೂನಿಗೆ ಮಾತ್ರ ಕಠಿಣವಾಗುವ ಅಧಿಕಾರವಿದೆ.